ನಾನು ಹೊತ್ತಿರದ ಹರಕೆ

ಯಾರಾದರೂ ಒಣ ಎಲೆ ಗುಡಿಸಿ ಬೆಂಕಿ ಕೊಟ್ಟರೆ ನಾನು ಮೊದಲು ಗಾಳಿ ನೋಡುತ್ತೇನೆ. ಆಮೇಲೆ ನೆಲ ನೋಡುತ್ತೇನೆ, ಹುಲ್ಲಿಲ್ಲದ ಬರಿ ಜಾಗ ಹತ್ತಿರದಲ್ಲಿ ಎಲ್ಲಿದೆ ಎಂದು. ಹೊಳಲ್ಕೆರೆಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ನೀರಿನ ತೊಟ್ಟಿಯ ಪಕ್ಕದಲ್ಲೇ ನಿಂತು ಹೀಗೆ ಮಾಡುವಾಗ ನನಗೇ ನಾಚಿಕೆಯಾಗುತ್ತಿತ್ತು. ಕಣ್ಣು ಮಾತ್ರ ಕೇಳುತ್ತಿರಲಿಲ್ಲ. ಎಪ್ಪತ್ತರ ದಶಕದ ನಡುವಿನ ಒಂದು ಮಧ್ಯಾಹ್ನದಿಂದ ಅದಕ್ಕೆ ಈ ಚಾಳಿ.

ನನ್ನ ತವರು ಹೊಸದುರ್ಗಕ್ಕೂ ಹಿರಿಯೂರಿಗೂ ನಡುವೆ, ಬಸ್ಸಿಳಿದು ಒಳಗೆ ನಡೆಯಬೇಕಾದ ಒಂದು ಊರು. ಕುರಿ ಸಾಕುವವರದೇ ಊರು. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡರು. ಅಣ್ಣ ಓದು ಬಿಟ್ಟು ಕುರಿಗಳ ಹಿಂದೆ ಹೋದ. ಅವೇ ಕುರಿಗಳ ದೆಸೆಯಿಂದ ನಾನು ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದೆ, ಹೊಳಲ್ಕೆರೆಯ ಶಾಲೆಯಲ್ಲಿ ಮೇಡಂ ಆದೆ, ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತರಾಗಿದ್ದವರನ್ನು ಮದುವೆಯಾದೆ. ಇಷ್ಟು ಹೇಳಿದರೆ ನನ್ನ ಕಥೆ ಮುಗಿಯಿತು. ಉಳಿದದ್ದು ಗುಡ್ಡದ್ದು.

ಊರ ಬೆನ್ನಿಗೆ ಒಂದು ಗುಡ್ಡ. ಅದರ ಬುಡದಲ್ಲಿ ಅರಿಶಿನ ಬಳಿದ ಒಂದು ಕಲ್ಲು. ಅವಳೇ ಗುಡ್ಡದವ್ವ. ಶಿವರಾತ್ರಿ ಕಳೆದ ಮೇಲೆ ಆ ಗುಡ್ಡಕ್ಕೆ ಬೆಂಕಿ ಇಡುವುದು ನಮ್ಮಲ್ಲಿ ನಡೆದುಬಂದದ್ದು. ಆಳೆತ್ತರ ಒಣಗಿ ನಿಂತ ಬಾದೆಹುಲ್ಲನ್ನು ಕುರಿ ಮೂಸಿಯೂ ನೋಡುವುದಿಲ್ಲ. ಸುಟ್ಟರೆ, ಒಂದು ಮಳೆ ಬಿದ್ದರೆ ಸಾಕು, ಕರಿ ಬುಡದಿಂದ ಹಸಿರು ಚಿಗುರು ಏಳುತ್ತದೆ. ಕುರಿ ಅದನ್ನು ಮೇಯುವ ಸದ್ದೇ ಬೇರೆ. ಮೊದಲ ಕಡ್ಡಿ ಗೀರುವುದು ನಮ್ಮ ಮನೆಯ ಗಂಡಸಿನ ಹಕ್ಕು. ಅಪ್ಪನ ಕಾಲದಲ್ಲಿ ಅಪ್ಪ, ಆಮೇಲೆ ಅಣ್ಣ. ಇದಕ್ಕೆ ಒಂದು ಕಟ್ಟಳೆಯಿತ್ತು. ಗುಡ್ಡದವ್ವನಿಗೆ ಹೊತ್ತ ಹರಕೆ ಯಾರದಾದರೂ ಬಾಕಿ ಇದ್ದರೆ ಬೆಂಕಿ ಇಡುವಂತಿಲ್ಲ. ಬರಬೇಕಾದ ಸಾಲಕ್ಕೆ ಕಾದು ಕೂತವಳ ಮೈಗೆ ಹೇಗೆ ಬೆಂಕಿ ಮುಟ್ಟಿಸುವುದು ಎನ್ನುತ್ತಿದ್ದರು. ಅದಕ್ಕೇ ಎಲ್ಲರೂ ಶಿವರಾತ್ರಿಯೊಳಗೆ ಕೋಳಿಯೋ ಕುರಿಯೋ ಕೊಟ್ಟು, ಅದರ ಅಡುಗೆ ಉಂಡು, ಹರಕೆ ತೀರಿಸಿಬಿಡುತ್ತಿದ್ದರು. ಹೊತ್ತವರು ಒಂದು ತುಣುಕಾದರೂ ಬಾಯಿಗಿಟ್ಟರೇ ಅದು ತೀರಿದ ಲೆಕ್ಕ. ಹಾಗಾಗಿ ಆ ಕಟ್ಟಳೆ ಯಾವತ್ತೂ ಯಾರಿಗೂ ಅಡ್ಡ ಬಂದಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಗುಡ್ಡದ ಒಂದು ಮೈ ಮಾತ್ರ ಸುಡುತ್ತಿದ್ದರು. ಉಳಿದ ಮೈ ಹಾಗೇ ಬಿಟ್ಟು ಮುಂದಿನ ವರ್ಷ ಸರದಿ ಬದಲಿಸುತ್ತಿದ್ದರು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಇಡೀ ಗುಡ್ಡ ಪ್ರತಿ ವರ್ಷ ಸುಡುತ್ತಿತ್ತು. ಕುರಿ ಹೆಚ್ಚಾಗಿದ್ದವು. ಹೊಸದುರ್ಗದ ಸಂತೆಗೆ ನಡೆಸಿಕೊಂಡು ಹೋಗಬೇಕಾಗಿದ್ದ ಟಗರುಮರಿಗಳನ್ನು ಈಗ ಲಾರಿ ಊರಿಗೇ ಬಂದು ತುಂಬಿಕೊಂಡು ಹೋಗುತ್ತಿತ್ತು. ಎಷ್ಟು ಕೊಟ್ಟರೂ ಬೇಕು ಎನ್ನುತ್ತಿದ್ದರು. ಗುಡ್ಡದಲ್ಲಿ ಬಂದರೆ ಎಂಬ ಕುರುಚಲು ಗಿಡಗಳು ಮೋಟಾದವು. ಮಳೆ ಬಂದರೆ ನೀರು ಬೂದಿಯನ್ನೂ ಮಣ್ಣನ್ನೂ ಒಟ್ಟಿಗೇ ಎಳೆದುಕೊಂಡು ಕೆರೆಗಿಳಿಯುತ್ತಿತ್ತು. ನಾವು ಈಜು ಕಲಿತ ಕಡೆ ಎಮ್ಮೆ ನಿಂತರೆ ಅದರ ಮಂಡಿ ಕಾಣುತ್ತಿತ್ತು. ಇದನ್ನೆಲ್ಲ ನಾನು ನೋಡುತ್ತಿದ್ದೆ. ಯಾರೋ ದೂರದ ಸಂಬಂಧಿಕರ ಕಾಯಿಲೆಯ ಸುದ್ದಿ ಕೇಳಿದ ಹಾಗೆ ಕೇಳಿ ಬಿಡುತ್ತಿದ್ದೆ.

ಆ ವರ್ಷ ಅವ್ವನಿಗೆ ಮಂಡಿ ಹಿಡಿದುಕೊಂಡಿತ್ತೆಂದು ನಾನು ರಜೆ ಹಾಕಿ ತವರಿಗೆ ಹೋಗಿದ್ದೆ. ಬೆಂಕಿ ಇಡುವ ದಿನ. ಸಂಜೆ ಗಾಳಿ ಬಿದ್ದ ಮೇಲೆ ಇಡುವುದು ಹಿಂದಿನ ವಾಡಿಕೆ. ಆದರೆ ಗುಡ್ಡ ದೊಡ್ಡದು, ಕತ್ತಲಾಗುವುದರೊಳಗೆ ಎಲ್ಲ ಮೈಗೂ ಹತ್ತಬೇಕೆಂದು ಮಧ್ಯಾಹ್ನವೇ ಶುರು ಮಾಡುತ್ತಿದ್ದರು. ದೊಡ್ಡ ಕುರಿಗಳನ್ನು ದೊಡ್ಡಪ್ಪನ ಆಳುಗಳು ಹೊಲದ ಕಡೆ ಹೊಡೆದುಕೊಂಡು ಹೋಗಿದ್ದರು. ಮರಿಗಳು ಮಾತ್ರ ಗುಡ್ಡದ ಇಳಿಜಾರಿನ ರೊಪ್ಪದಲ್ಲಿದ್ದವು. ರೊಪ್ಪವೆಂದರೆ ಒಣ ಜಾಲಿಮುಳ್ಳನ್ನು ಸುತ್ತ ಒಟ್ಟಿ ಮಾಡಿದ ದೊಡ್ಡಿ. ಬೆಂಕಿ ಮೇಲಿನಿಂದ ಮೊದಲು ಆ ಕಡೆಯ ಮೈಗೆ ಇಳಿಯುತ್ತದೆ, ಮರಿಗಳನ್ನು ಹೊಡೆದುಕೊಂಡು ಹೋಗುವವರೆಗೆ ಈ ಕಡೆಗೆ ಬರುವುದಿಲ್ಲ ಎಂಬ ಲೆಕ್ಕ. ಎಷ್ಟೋ ವರ್ಷದಿಂದ ಸರಿಯಾಗಿದ್ದ ಲೆಕ್ಕವೇ ಅದು.

ನಾನು ಅಣ್ಣನಿಗೆ ಬುತ್ತಿ ತೆಗೆದುಕೊಂಡು ಹೋದೆ. ಮುದ್ದೆ, ಹುರುಳಿ ಸಾರು, ಒಂದು ಮಡಕೆ ಮಜ್ಜಿಗೆ. ಅಣ್ಣ ಕಡ್ಡಿ ಗೀರಿ ಕೆಳಗಿಳಿದು ಬಂದಿದ್ದ. ಮುಖವೆಲ್ಲ ಮಸಿ.

"ಏನವ್ವ ಮೇಡಮ್ಮ, ಚಪ್ಲಿ ಹಾಕ್ಕಂಡು ಗುಡ್ಡ ಹತ್ತೀಯಲ್ಲ. ಗುಡ್ಡಕ್ಕೆ ಪಾಠ ಹೇಳಾಕೆ ಬಂದ್ಯಾ?" ಎಂದ.

"ನೀನು ಕಲೀಲಿಲ್ಲ, ಅದಾದ್ರೂ ಕಲೀಲಿ ಅಂತ," ಎಂದೆ.

ರೊಪ್ಪದಿಂದ ಸ್ವಲ್ಪ ಕೆಳಗೆ, ಒಂದು ಜಾಲಿಮರದ ನೆರಳಲ್ಲಿ ಕೂತೆವು. ಹೊಗೆ ಗುಡ್ಡದ ನೆತ್ತಿಯ ಆಚೆಗೆ ವಾಲಿಕೊಂಡು ಹೋಗುತ್ತಿತ್ತು. ಅಣ್ಣ ಮುದ್ದೆ ಮುರಿದು ಬಾಯಿಗಿಟ್ಟುಕೊಂಡಿದ್ದ. ನನ್ನ ಸೆರಗಿನ ಮೇಲೆ ಒಂದು ಕರಿ ಚೂರು ಬಂದು ಬಿತ್ತು. ಊದಿ ಹಾರಿಸಿದೆ. ಇನ್ನೊಂದು ಬಿತ್ತು. ಅಣ್ಣ ಜಗಿಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಈಗಲೂ ನಾನು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನೆ, ಆ ಅರ್ಧ ಜಗಿದ ಬಾಯಿಯಲ್ಲಿ. ಎರಡನೆಯ ಚೂರು ಬಿದ್ದಾಗಲೇ ಎದ್ದಿದ್ದರೆ ಎಂದು.

ಗಾಳಿ ತಿರುಗಿತ್ತು. ಬೆಂಕಿ ಕಾಣುವ ಮೊದಲು ಕೇಳಿಸಿತು. ಒಣ ತೊಗರಿಕಡ್ಡಿಯ ಬಣವೆಯ ಮೇಲೆ ದನದ ಹಿಂಡು ಓಡಿ ಬಂದಂಥ ಸದ್ದು. ಬಂದರೆ ಗಿಡದ ಸೊಪ್ಪು ಮುರಿದು ಬೆಂಕಿ ಬಡಿಯಲು ಹೊರಟ ಅಣ್ಣ ಒಂದೇ ಗಳಿಗೆಯಲ್ಲಿ ಅದನ್ನು ಎಸೆದ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ನಮ್ಮ ಕೆಳಗಿನ ಹುಲ್ಲಿಗೇ ಬೆಂಕಿ ಇಟ್ಟ. ನನಗೆ ಅವನ ತಲೆ ಕೆಟ್ಟಿತು ಅನ್ನಿಸಿತು. ಕಿರುಚಿಕೊಂಡೆ. ಆ ಬೆಂಕಿ ಗಾಳಿಯ ಜೊತೆ ನಮ್ಮಿಂದ ದೂರಕ್ಕೆ ಓಡಿತು, ಹಿಂದೆ ಕರಿ ನೆಲ ಬಿಟ್ಟಿತು. ಅವನು ನನ್ನ ರಟ್ಟೆ ಹಿಡಿದು ಆ ಸುಡುವ ಕರಿ ನೆಲದ ಮೇಲೆ ನೂಕಿದ.

"ಇಲ್ಲೇ ಕುಂತ್ಕ. ಸತ್ರೂ ಏಳಬ್ಯಾಡ. ಸುಟ್ಟಿರೋದು ಇನ್ನೊಂದ್ಸಲ ಸುಡಲ್ಲ."

ಹಾಗೆಂದವನು ಮೇಲೆ ನೋಡಿದ. ರೊಪ್ಪದ ಒಂದು ಮಗ್ಗುಲ ಮುಳ್ಳು ಹತ್ತಿಕೊಂಡಿತ್ತು. ಮರಿಗಳು ಅರಚುತ್ತಿದ್ದವು. ಅವನು ಮಜ್ಜಿಗೆ ಮಡಕೆಯನ್ನು ಕಂಬಳಿಯ ಮೇಲೆ ಸುರಿದುಕೊಂಡು, ಅದನ್ನು ಹೊದ್ದು, ಹೊಗೆಯೊಳಗೆ ಹೋದ. ಬಾಗಿಲ ಕಡೆ ಬೆಂಕಿಯಿತ್ತು. ಈ ಕಡೆಯ ಬೇಲಿಯನ್ನು ಬರಿಗೈಯಲ್ಲಿ ಕಿತ್ತ. ಉರಿಯುವ ಮುಳ್ಳನ್ನು, ತಬ್ಬಿ ತಬ್ಬಿ ಎಸೆದ. ಮರಿಗಳು ಆ ಕಿಂಡಿಯಿಂದ ಬಂದವು. ಹೊರಬಂದಂಥವು ಮತ್ತೆ ಅದೇ ಬೇಲಿಗೆ ತಿರುಗಿ ಓಡುತ್ತಿದ್ದವು, ಅದೇ ಅವುಗಳ ಮನೆಯಲ್ಲವೆ. ನಾನು ಸೀರೆ ಬಿಚ್ಚಿ ಹರಡಿ, ಸಿಕ್ಕಷ್ಟನ್ನು ಅದರಡಿ ಒತ್ತಿ ಹಿಡಿದು, ಆ ಬಿಸಿ ಬೂದಿಯಲ್ಲಿ ಕೂತೆ. ಅಣ್ಣ ಒಮ್ಮೆ ಹೊರಬಂದ, ಕಂಕುಳಲ್ಲಿದ್ದ ಎರಡು ಮರಿ ಎಸೆದ, ಮತ್ತೆ ಹೋದ. ಆಮೇಲೆ ಬರಲಿಲ್ಲ.

ಬರಲಿಲ್ಲ ಎಂದರೆ, ಬಂದ. ಆದರೆ ನನ್ನೊಳಗೆ ಅವನು ಈಗಲೂ ಬಂದಿಲ್ಲ. ಮಧ್ಯಾಹ್ನ ಪಾಠ ಹೇಳುವಾಗ, ಬಸ್ಸಿಗೆ ಕಾಯುವಾಗ, ಆ ಹೊಗೆಯ ಗೋಡೆ ಎದುರಿಗೆ ನಿಲ್ಲುತ್ತದೆ. ನಾನು ಕೂತಿದ್ದೇನೆ, ನನ್ನ ಸೀರೆಯಡಿ ಮರಿಗಳ ಎದೆ ಹೊಡೆದುಕೊಳ್ಳುತ್ತಿದೆ, ಅಣ್ಣ ಬರುತ್ತಿಲ್ಲ.

ಹೊರಗೆ ಬಂದಾಗ ಅವನ ಕೈಗಳು ಮುಂದಕ್ಕೆ ಚಾಚಿಕೊಂಡಿದ್ದವು, ಯಾರಿಗೋ ಏನನ್ನೋ ಕೊಡಲು ಬರುವವನಂತೆ. ಕೆಲವು ಮರಿಗಳು ಒಳಗೇ ಉಳಿದವು. ಆ ವಾಸನೆ ಬಂತು. ಅದು ಹಬ್ಬದ ಅಡುಗೆಮನೆಯ ವಾಸನೆಯೇ ಆಗಿತ್ತು. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲಾರೆ.

ಹಿರಿಯೂರಿನ ಆಸ್ಪತ್ರೆಯಲ್ಲಿ ಕೆಲವು ವಾರ ಇಟ್ಟುಕೊಂಡರು. ಆಮೇಲೆ ನಾನು ಅಣ್ಣನನ್ನು ಹೊಳಲ್ಕೆರೆಗೆ ಕರೆದುಕೊಂಡು ಬಂದೆ. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನಾನೇ ಬಾಯಿಗಿಡುತ್ತಿದ್ದೆ.

"ನಿನ್ನ ಎತ್ತಿ ಆಡಿಸ್ದೋನು ನಾನು. ಈಗ ನೀನು ನಂಗೆ ತುತ್ತಿಡ್ತೀಯ. ಸಣ್ಣದು ಇಡೇ, ಕೋಳಿಮರಿ ಏನು ನಾನು, ಗಂಟಲಿಗೆ ತುರುಕಾಕೆ," ಎಂದು ಬೈಯುತ್ತಿದ್ದ.

ಒಂದು ಭಾನುವಾರ ನಮ್ಮ ಯಜಮಾನರು ಎಂದಿನಂತೆ ಮಾಂಸ ತಂದರು. ಭಾವ ಬಂದಿದ್ದಾನೆಂದು ಸ್ವಲ್ಪ ಹೆಚ್ಚೇ ತಂದರು. ನಾನು ಅಡುಗೆ ಮಾಡಿ ಅಣ್ಣನಿಗೆ ತಿನ್ನಿಸುತ್ತಿದ್ದಾಗ ಅವನು ಕೇಳಿದ: "ಪ್ರತಿ ಭಾನುವಾರ ತರ್ತೀರಾ?"

"ಹೂಂ. ಇಲ್ಲಿ ಎಲ್ಲರೂ ತರ್ತಾರೆ."

"ನಾವು ತಿಂತಿದ್ದದ್ದು ಯಾವಾಗ, ನೆನಪೈತಾ?"

ನೆನಪಿತ್ತು. ವರ್ಷತೊಡಕಿಗೆ, ಗುಡ್ಡದವ್ವನಿಗೆ, ಮಾರ್ನವಮಿಗೆ, ಯಾರದಾದರೂ ಮದುವೆಗೆ. ಇಷ್ಟೆ. ಸುತ್ತ ಕುರಿಯೇ ಕುರಿ ಇದ್ದ ಮನೆಯಲ್ಲಿ ನಾವು ಉಣ್ಣುತ್ತಿದ್ದದ್ದು ಹುರುಳಿ ಸಾರು. ಕುರಿ ಸಾಕುವವರಿಗಿಂತ ಹೆಚ್ಚು ಕುರಿಯನ್ನು ನಾನು ಸಂಬಳದ ಮನೆಗೆ ಬಂದ ಮೇಲೆ ತಿಂದಿದ್ದೆ.

"ಅಣ್ಣ, ಮುಂದಿನ ಸಲ ಗುಡ್ಡಕ್ಕೆ ಬೆಂಕಿ ಇಡಬ್ಯಾಡ," ಎಂದೆ.

"ಮೇವು? ನೀನು ಹೊಳಲ್ಕೆರೆಯಿಂದ ಪೋಸ್ಟಲ್ಲಿ ಕಳಿಸ್ತೀಯಾ?"

"ಕುರಿ ಕಮ್ಮಿ ಮಾಡು."

"ಲಾರಿಯೋನು ಬಂದು ನಿಂತಿರ್ತಾನೆ ತಂಗಿ. ನಾನು ಕೊಡದಿದ್ರೆ ಪಕ್ಕದೋನು ಕೊಡ್ತಾನೆ. ನೀವು ತಿಂತೀರಿ, ನಾವು ಸಾಕ್ತೀವಿ, ಗುಡ್ಡ ಸುಡ್ತದೆ. ಇದರಾಗೆ ಬೆಂಕಿಪೊಟ್ಟಣ ನನ್ನ ಕೈಯಾಗೈತೆ ಅಂತ ನನ್ನ ಬೈದ್ರೆ ಹೆಂಗೆ?"

ಅವನು ಸಿಟ್ಟಿನಿಂದ ಹೇಳಲಿಲ್ಲ. ಇನ್ನೊಂದು ತುತ್ತಿಗೆ ಬಾಯಿ ತೆರೆದುಕೊಂಡೇ ಹೇಳಿದ. ನನ್ನ ಕೈಯಲ್ಲಿ ಮಾಂಸದ ಚೂರಿತ್ತು.

ಮುಂದಿನ ಭಾನುವಾರ ನಾನು ಯಜಮಾನರಿಗೆ ಹೇಳಿದೆ: "ಇನ್ಮೇಲೆ ಭಾನುವಾರದ್ದು ಬೇಡ. ಹಬ್ಬಕ್ಕೆ ಮಾತ್ರ ತನ್ನಿ."

ಅವರು ಚೀಲ ಕೈಯಲ್ಲಿ ಹಿಡಿದೇ ನಿಂತರು. "ವಾಸನೆ ಆಗ್ತಿಲ್ವಾ? ಆ ಬೆಂಕಿದು ನೆನಪಾಗುತ್ತಾ?"

"ಅದಕ್ಕಲ್ಲ ರೀ. ವಾಸನೆ ಒಂದಿನ ಹೋಗುತ್ತೆ. ಗುಡ್ಡ ಹೋದ್ರೆ ಬರಲ್ಲ." ನನಗೆ ತೋಚಿದಂತೆ ವಿವರಿಸಿದೆ. ಹುಲ್ಲು, ಮಣ್ಣು, ಕೆರೆ, ಲಾರಿ, ಭಾನುವಾರ. ಅವರು ಪೂರ್ತಿ ಕೇಳಿ, "ಅಂದ್ರೆ ನಾನು ಹುರುಳಿ ಸಾರು ತಿಂದ್ರೆ ನಿಮ್ಮೂರ ಕೆರೆ ತುಂಬುತ್ತೆ," ಎಂದರು. ನಕ್ಕು, ಚೀಲ ಮಡಚಿಟ್ಟರು. ಅವರು ಒಳ್ಳೆಯವರು. ಆದರೂ ತಿಂಗಳಿಗೊಮ್ಮೆ ಸ್ನೇಹಿತರ ಮನೆಗೆಂದು ಹೋಗಿ ತಡವಾಗಿ ಬರುತ್ತಿದ್ದರು. ನಾನು ಕೇಳುತ್ತಿರಲಿಲ್ಲ.

ಹೊರಗಿನವರಿಗೆ ಇದನ್ನು ಅರ್ಥ ಮಾಡಿಸುವುದು ಇನ್ನೂ ಕಷ್ಟವಾಯಿತು. ಆಗೆಲ್ಲ ಮಾಂಸ ಬಿಡಲು ನಾಲ್ಕೇ ಕಾರಣ. ಕಾಮಾಲೆ, ಸೂತಕ, ಹರಕೆ, ಇಲ್ಲವೇ ಮೇಲಿನ ಜಾತಿಯವರಂತೆ ಕಾಣುವ ಆಸೆ. ಪಕ್ಕದ ಮನೆಯವರು ನೆಲನೆಲ್ಲಿ ಸೊಪ್ಪು ಅರೆದು ತಂದುಕೊಟ್ಟರು, ಕಾಮಾಲೆಗೆ. ನಮ್ಮ ಶಾಲೆಯ ಹಿರಿಯ ಮೇಡಂ ಒಬ್ಬರು ಸ್ಟಾಫ್ ರೂಮಿನಲ್ಲಿ ನನ್ನ ಕೈ ಹಿಡಿದು, "ತುಂಬಾ ಸಂತೋಷ ಆಯ್ತಮ್ಮ. ಇನ್ಮೇಲೆ ನಮ್ಮ ಜೊತೇನೇ ಊಟಕ್ಕೆ ಕೂತ್ಕೋಬಹುದು," ಎಂದರು. ಅಲ್ಲಿಯವರೆಗೆ ನಾನು ಬೇರೆ ಕೂರುತ್ತಿದ್ದೆನೆಂದು ನನಗೆ ಅವತ್ತೇ ಗೊತ್ತಾದದ್ದು. "ಹಬ್ಬಕ್ಕೆ ತಿಂತೀನಿ ಮೇಡಂ," ಎಂದೆ. ಕೈ ಬಿಟ್ಟರು. ನಾನು ಕಿಟಕಿ ಪಕ್ಕದ ನನ್ನ ಜಾಗದಲ್ಲೇ ಡಬ್ಬಿ ಬಿಚ್ಚಿದೆ.

ಅವ್ವ ಮಗನನ್ನು ನೋಡಲು ಬಂದಳು. ನಾನು ತಿನ್ನುತ್ತಿಲ್ಲವೆಂದು ತಿಳಿದು, "ಯಾವ ದೇವ್ರಿಗೆ ಹೊತ್ತೀಯೇ?" ಎಂದಳು.

"ಯಾವ ದೇವ್ರಿಗೂ ಇಲ್ಲವ್ವ." ಮತ್ತೆ ಅದೇ ಪಾಠ. ಅವಳಿಗೆ ಹೇಳುವುದು ಸುಲಭವಾಗಿತ್ತು, ಕೆರೆ ಆಳವಿದ್ದದ್ದನ್ನು ಅವಳು ಕಂಡವಳು. ಕೊನೆಯವರೆಗೂ ಕೇಳಿದಳು.

"ಅಂದ್ರೆ ನಿನಗೆ ಇಷ್ಟ ಆದದ್ದನ್ನ ಬಿಟ್ಟೀಯ. ನಿನ್ನ ಅಣ್ಣ ಮತ್ತೆ ಬೆಂಕಿಗೆ ಬೀಳಬಾರದು ಅಂತ, ಗುಡ್ಡ ಚೆನ್ನಾಗಿರ್ಲಿ ಅಂತ. ಹರಕೆ ಅಂದ್ರೆ ಇನ್ನೇನೇ? ಅದಕ್ಕೇನು ಕೊಂಬಿರ್ತವಾ?"

"ಹರಕೆಗೆ ಕೊನೆ ಐತವ್ವ. ಇದಕ್ಕಿಲ್ಲ."

"ಕೊನೆ ನಾನು ಮಾಡ್ತೀನಿ ಬಿಡು," ಎಂದಳು.

ಅವಳು ಊರಿಗೆ ಹೋದವಳೇ, ಬೆಂಕಿಯಿಂದ ಉಳಿದ ಮರಿಗಳಲ್ಲಿ ಕಿವಿ ಸುಟ್ಟುಕೊಂಡಿದ್ದ ಒಂದು ಟಗರುಮರಿಯನ್ನು ಗುಡ್ಡದವ್ವನ ಹೆಸರಿಗೆ ಬಿಟ್ಟಳು. ಮಗಳು ಹರಕೆ ಹೊತ್ತಿದ್ದಾಳೆ, ಮುಂದಿನ ಶಿವರಾತ್ರಿಗೆ ಇದನ್ನು ಕಡಿದು ತೀರಿಸುತ್ತೇವೆ ಎಂದು ಊರಿಗೆಲ್ಲ ಹೇಳಿದಳು. ಕುರಿ ಕಡಿಮೆಯಾಗಲೆಂದು ನಾನು ಬಿಟ್ಟದ್ದಕ್ಕೆ ಒಂದು ಕುರಿ ಕಡಿಯಲು ಗೊತ್ತಾಯಿತು. ಕೇಳಿ ನಗು ಬರಲಿಲ್ಲ, ಸುಸ್ತಾಯಿತು. ಸುದ್ದಿ ಹೇಳಿದ್ದು ಅಣ್ಣ. ಅವನು ಅಷ್ಟು ಹೊತ್ತಿಗೆ ಗುಣವಾಗಿ ಊರು ಸೇರಿದ್ದ. ಬೆರಳುಗಳು ಅಂಗೈ ಕಡೆಗೆ ಬಾಗಿಯೇ ಉಳಿದಿದ್ದವು. ಕೋಲು ಹಿಡಿಯುತ್ತಿದ್ದ, ಬಿಗಿಯಾಗಿ ಹಿಡಿಯಲಾಗುತ್ತಿರಲಿಲ್ಲ.

ಮಳೆಗಾಲ ಕಳೆಯಿತು, ಹುಲ್ಲು ಬೆಳೆದು ಒಣಗಿತು. ಶಿವರಾತ್ರಿ ಹತ್ತಿರ ಬಂತು. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ. ಮೊದಲ ಕಡ್ಡಿ ನಮ್ಮ ಮನೆಯ ಗಂಡಸಿನದು. ಅಣ್ಣ ಆ ಬಾಗಿದ ಬೆರಳುಗಳಲ್ಲಿ ಕಡ್ಡಿ ಗೀರಬೇಕು. ಗಾಳಿ ತಿರುಗಿದರೆ ಎರಡನೆಯ ಕಡ್ಡಿಯನ್ನೂ ಗೀರಬೇಕು, ಬೇಗ, ಅವತ್ತು ನಮ್ಮ ಕೆಳಗಿನ ಹುಲ್ಲಿಗೆ ಗೀರಿದ ಹಾಗೆ. ಅದು ಅವನಿಂದ ಆಗುವುದಿಲ್ಲ. ಹೋಗಬೇಡ ಎಂದರೆ ಅವನು ಕೇಳುವವನಲ್ಲ. ಅಪ್ಪನ ಹಕ್ಕು ಅದು.

ದೊಡ್ಡಪ್ಪ ಹೇಳಿಕಳಿಸಿದ. ಅಪ್ಪನ ಅಣ್ಣ ಅವನು, ಊರ ಕುರಿಗಳಿಗೆಲ್ಲ ಅವನದೇ ಮಾತು. ಬಂದು ಹರಕೆ ತೀರಿಸಿ ಹೋಗಲಿ, ಗುಡ್ಡ ಕಾಯುತ್ತಿದೆ ಎಂದಿದ್ದ. ಹೋದೆ.

ಗುಡ್ಡದವ್ವನ ಕಲ್ಲಿನ ಮುಂದೆ ಗಂಡಸರು ಕೂತಿದ್ದರು. ಟಗರು ಬೆಳೆದು ದಷ್ಟಪುಷ್ಟವಾಗಿತ್ತು. ಸುಟ್ಟ ಕಿವಿ ಒಣಗಿದ ಎಲೆಯಂತೆ ಮುದುರಿಕೊಂಡಿತ್ತು. ಕೊರಳಿಗೆ ಹೂವು. ಅವ್ವ ಅದರ ಹಣೆಗೆ ಅರಿಶಿನ ಹಚ್ಚುತ್ತಿದ್ದಳು.

"ಬಾರವ್ವ ಮೇಡಮ್ಮ," ಎಂದ ದೊಡ್ಡಪ್ಪ. "ನಿನ್ನ ದೆಸೆಯಿಂದ ಊರಿನ ಕುರಿಯೆಲ್ಲ ಉಪವಾಸ. ಕೈ ಮುಗಿ, ಒಂದು ತುಣುಕು ತಿನ್ನು, ಮನೆಗೋಗಾಣ."

"ದೊಡ್ಡಪ್ಪ, ಇದು ಹರಕೆಯಲ್ಲ. ನಾನು ಹೊತ್ತಿಲ್ಲ," ಎಂದೆ. ನಿಂತೇ ಹೇಳಿದೆ. ಮೊದಲೆಲ್ಲ ಒಂದೇ ಮೈ ಸುಡುತ್ತಿದ್ದದ್ದು ಯಾಕೆ ಎಂದು ಕೇಳಿದೆ. ಕೆರೆಯ ಹೂಳು ಎಲ್ಲಿಂದ ಬಂತು ಎಂದು ಕೇಳಿದೆ. ತಿನ್ನುವುದು ಹೆಚ್ಚಾದಂತೆ ಕುರಿ ಹೆಚ್ಚಾಗುತ್ತದೆ, ಕುರಿ ಹೆಚ್ಚಾದಂತೆ ಬೆಂಕಿ ಹೆಚ್ಚಾಗುತ್ತದೆ, ನನ್ನ ಪಾಲಿನದನ್ನಾದರೂ ಕಡಿಮೆ ಮಾಡೋಣವೆಂದು ಮಾಡಿದೆ, ಇಷ್ಟೇ ಎಂದೆ. ಅವರು ನನ್ನ ಮಾತು ತಡೆಯಲಿಲ್ಲ. ಒಬ್ಬ ಎಲೆ ಅಡಿಕೆ ಹಾಕಿಕೊಂಡ.

"ಆತಾ?" ಎಂದ ದೊಡ್ಡಪ್ಪ. "ಅದನ್ನೆಲ್ಲ ಇಸ್ಕೂಲಲ್ಲಿ ಹೇಳವ್ವ, ಹುಡುಗ್ರು ಬರ್ಕಂತಾರೆ. ನನಗೆ ಒಂದು ಹೇಳು. ಬಿಟ್ಟೀಯೋ ಇಲ್ಲೋ?"

"ಕಮ್ಮಿ ಮಾಡೀನಿ. ಹಬ್ಬಕ್ಕೆ ತಿಂತೀನಿ."

"ಇವತ್ತು ಹಬ್ಬನೇ. ತಿನ್ನು ಹಂಗಾರೆ. ತಿಂದ್ರೆ ತೀರ್ತು."

ಆಗ ನನಗೆ ಅರ್ಥವಾಯಿತು. ನಾನು ಏನೆಂದು ಕರೆದರೂ ಅವರಿಗೆ ಅದು ಹರಕೆಯೇ. ನಾನು ಒಂದು ತುಣುಕು ಬಾಯಿಗಿಟ್ಟ ಗಳಿಗೆ ಅದು ತೀರುತ್ತದೆ. ತೀರಿದರೆ ಅಣ್ಣ ಬೆಂಕಿಪೊಟ್ಟಣ ತೆಗೆದುಕೊಂಡು ಗುಡ್ಡ ಹತ್ತುತ್ತಾನೆ. ನನಗೆ ಹಸಿವಾಗಿತ್ತು. ಹಬ್ಬಕ್ಕೆ ತಿನ್ನುವೆನೆಂದು ವರ್ಷವಿಡೀ ಎಲ್ಲರಿಗೂ ಹೇಳಿದ್ದೆ. ಅವ್ವನ ಕೈ ಅಡುಗೆ, ತಿನ್ನುವ ಆಸೆಯೂ ಇತ್ತು. ಅದನ್ನು ಇಲ್ಲವೆಂದರೆ ಸುಳ್ಳಾಗುತ್ತದೆ.

"ತಿನ್ನಲ್ಲ," ಎಂದೆ.

"ಯಾವಾಗ ತಿಂತೀ ಮತ್ತೆ?"

"ಗುಡ್ಡದ ಮ್ಯಾಲೆ ಕುರಿ ಕಮ್ಮಿ ಆದ್ಮೇಲೆ."

ಯಾರೋ ನಕ್ಕರು. "ಅಷ್ಟೊತ್ತಿಗೆ ನಿನ್ನ ಹಲ್ಲು ಇರಲ್ಲವ್ವ," ಎಂದ ಎಲೆ ಅಡಿಕೆಯವನು. ದೊಡ್ಡಪ್ಪ ನಗಲಿಲ್ಲ. ಅವನ ಮುಖ ಕೆಂಪಾಗಿತ್ತು. "ಓದಿಸಿದ್ದಕ್ಕೆ ಚೆನ್ನಾಗಿ ಕೊಟ್ಟೆ. ಕುರಿ ಮಾರಿ ಓದಿದೋಳು ಕುರಿ ಹೊಟ್ಟೆ ಮ್ಯಾಲೆ ಕಾಲಿಟ್ಟೆ," ಎಂದ. ಆಮೇಲೆ ಅಣ್ಣನ ಕಡೆ ತಿರುಗಿದ. "ಏನಪ್ಪ, ನಿನ್ನ ತಂಗಿ. ನೀನೇ ಹೇಳು. ಹರಕೆ ಐತೋ ಇಲ್ಲೋ?"

ಅಣ್ಣನಿಗೆ ಎಲ್ಲ ಗೊತ್ತಿತ್ತು. ಇಲ್ಲ ಎಂದರೆ ಬೆಂಕಿ ಇಡಬಹುದು, ಅವನ ಕುರಿಗೂ ಮೇವು. ಅವನು ತಗ್ಗಿಸಿದ್ದ ತಲೆ ಎತ್ತಲಿಲ್ಲ. ಕಂಬಳಿಯೊಳಗಿನಿಂದ ಕೈ ಹೊರಗೆ ತೆಗೆದು ನೋಡಿಕೊಂಡ, ಅಂಗೈಯಲ್ಲಿ ಏನೋ ಬರೆದಿರುವಂತೆ.

"ಅವಳು ತಿನ್ನಲಿಲ್ಲ ಅಂದ್ಮೇಲೆ ಬಾಕಿ ಐತೆ ಅಂತಲೇ ಲೆಕ್ಕ," ಎಂದ. "ಟಗರು ಬಿಡ್ರಿ."

ಅವ್ವ ಟಗರಿನ ಹಗ್ಗ ಬಿಡಲು ಒಪ್ಪಲಿಲ್ಲ. ಅಣ್ಣನೇ ಬಿಚ್ಚಲು ಹೋದ. ಬೆರಳಿಗೆ ಗಂಟು ಸಿಗಲಿಲ್ಲ. ಹಲ್ಲಿನಿಂದ ಬಿಚ್ಚಿದ.

ಆ ವರ್ಷ ಗುಡ್ಡಕ್ಕೆ ನಮ್ಮ ಊರಿನ ಬೆಂಕಿ ಬೀಳಲಿಲ್ಲ. ಊರಿನವರು ನನ್ನನ್ನು ಬೈದುಕೊಂಡು, ಕುರಿಗಳನ್ನು ಧರ್ಮಪುರದ ಕಡೆ ಶೇಂಗಾ ಹೊಲಗಳಿಗೆ ಹೊಡೆದರು. ಅಣ್ಣ ಅಷ್ಟು ದೂರ ಓಡಾಡಲಾರದೆ ಹಿಂಡಿನ ಅರ್ಧವನ್ನು ಅವಸರದಲ್ಲಿ ಲಾರಿಗೆ ಹತ್ತಿಸಿದ. ಗುಡ್ಡ ಉಳಿಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ನಮ್ಮ ಊರ ಕಡೆಯ ಮೈ ಮಾತ್ರ ಉಳಿಯಿತು. ನೆತ್ತಿಯ ಆಚೆಯ ಮೈ ಪಕ್ಕದ ಊರಿನವರದು, ಅವರಿಗೆ ನಮ್ಮ ಹರಕೆಯ ಹಂಗಿಲ್ಲ. ಕುರಿ ಕಡಿಮೆಯಾಯಿತೆಂದೂ ಹೇಳಲಾರೆ. ಅವನು ಹತ್ತಿಸಿದ್ದೆಲ್ಲ ಎಲ್ಲೋ ಯಾರದೋ ಭಾನುವಾರಕ್ಕೆ ಹೋಗಿದ್ದವು.

ಯುಗಾದಿಗೆ ನಾನೂ ಯಜಮಾನರೂ ತವರಿಗೆ ಹೋದೆವು. ಅವ್ವ ನನ್ನ ಜೊತೆ ಮಾತಾಡುತ್ತಿದ್ದಳು, ಕಣ್ಣು ನೋಡುತ್ತಿರಲಿಲ್ಲ. ಮಾರನೆಯ ದಿನ ವರ್ಷತೊಡಕು. ಮನೆಯೆಲ್ಲ ಮಸಾಲೆ ವಾಸನೆ. ಕಿವಿ ಸುಟ್ಟ ಟಗರು ಅಂಗಳದಲ್ಲಿ ಯಾರದೋ ಪಂಚೆ ತಿನ್ನುತ್ತಿತ್ತು. ಅದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ. ಓಡಿಸಿದರೆ ತಿರುಗಿ ನೋಡಿ ಮತ್ತೆ ಅದೇ ಪಂಚೆಗೆ ಬಾಯಿ ಹಾಕುತ್ತಿತ್ತು.

"ಈ ಊರಲ್ಲಿ ಸುಖವಾಗಿರೋನು ಇವನೊಬ್ಬನೇ," ಎಂದರು ಯಜಮಾನರು.

ಅವ್ವ ಎಲ್ಲರಿಗೂ ಬಡಿಸಿದಳು. ನನ್ನ ಮುಂದೆ ಬಂದು ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಹೋಗಿ, ಬೇರೆ ಪಾತ್ರೆಯಲ್ಲಿ ಮಾಡಿಟ್ಟಿದ್ದ ಹುರುಳಿ ಸಾರು ತಂದು ಹಾಕಿದಳು. ಬೇರೆ ಒಲೆ ಹಚ್ಚಿ ಮಾಡಿದ್ದಳು, ಅಷ್ಟು ಗೊತ್ತಾಯಿತು.

ಅಣ್ಣ ನನ್ನ ಪಕ್ಕದಲ್ಲಿ ಕೂತಿದ್ದ. ಮುದ್ದೆ ಹೇಗೋ ಮುರಿಯುತ್ತಿದ್ದ. ಮೂಳೆಯಿಂದ ಮಾಂಸ ಬಿಡಿಸಲು ಅವನ ಬೆರಳು ಒಪ್ಪಲಿಲ್ಲ. ಎರಡು ಸಲ ಜಾರಿ ತಟ್ಟೆಗೆ ಬಿತ್ತು. ಯಾರೂ ನೋಡದವರಂತೆ ಊಟ ಮಾಡುತ್ತಿದ್ದರು. ನಾನು ಅವನ ತಟ್ಟೆ ನನ್ನ ಕಡೆ ಎಳೆದುಕೊಂಡೆ.

"ಬ್ಯಾಡ ಬಿಡೇ. ನಿನ್ನ ಹರಕೆ ಕೆಡ್ತದೆ," ಎಂದ ಮೆಲ್ಲಗೆ.

"ಮುಟ್ಟಿದ್ರೆ ಕೆಡಲ್ಲ. ತಿಂದ್ರೆ ಕೆಡೋದು. ಬಾಯಿ ತೆಗಿ."

ಮೂಳೆಯಿಂದ ಬಿಡಿಸಿ, ಸಣ್ಣ ಸಣ್ಣದು ಮಾಡಿ, ಅವನ ಬಾಯಿಗಿಟ್ಟೆ. ಅವನು ಚೆನ್ನಾಗಿ ಜಗಿದು ತಿಂದ. ಇನ್ನೊಂದಕ್ಕೆ ಬಾಯಿ ತೆರೆದ. ನನ್ನ ಬೆರಳಿನಿಂದ ಮೊಣಕೈಯವರೆಗೆ ಸಾರು ಇಳಿಯುತ್ತಿತ್ತು. ಬಾಗಿಲಿನಿಂದ ಗುಡ್ಡ ಕಾಣುತ್ತಿತ್ತು, ಹಳದಿಯಾಗಿ, ಹುಲ್ಲು ನಿಂತೇ ಇತ್ತು. ನೆತ್ತಿಯ ಆಚೆ ಪಕ್ಕದ ಊರಿನವರು ಅವರ ಮೈಗೆ ಇಟ್ಟ ಬೆಂಕಿಯ ಹೊಗೆ ಏಳುತ್ತಿತ್ತು. ಅಣ್ಣ ಜಗಿಯುವುದನ್ನು ನಿಲ್ಲಿಸಿ ಅದನ್ನು ನೋಡಿದ. ನಾನೂ ನೋಡಿದೆ. ಗಾಳಿ ಆ ಕಡೆಗೇ ಇತ್ತು.

"ತಿನ್ನು," ಎಂದೆ.